ಅಜ್ಜಿಯ ‘ಸುವ್ವಿ’ ಮತ್ತು ತುಮಕೂರಿನ ಕ್ಯಾಸೆಟ್ ಅಂಗಡಿ

ತುಮಕೂರಿನ ಮಂಡಿಪೇಟೆ ಹತ್ತಿರ ಒಂದು ಗಲ್ಲಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇದೆ. ಬೋರ್ಡು ಇಲ್ಲ. ಬಾಗಿಲಲ್ಲಿ ಹಳೆಯ ಟೇಪ್ ರೆಕಾರ್ಡರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಅದೇ ಗುರುತು. ಕ್ಯಾಸೆಟ್ ಕೊಟ್ಟರೆ ಪೆನ್ ಡ್ರೈವಿಗೆ ಹಾಕಿಕೊಡುತ್ತಾರೆ. ಕಳೆದ ತಿಂಗಳು ನಾನೂ ಒಂದು ಹಾಕಿಸಿಕೊಂಡೆ. ಕೆಲಸ ಚೆನ್ನಾಗಿದೆ. ಆದರೆ ಮಧ್ಯೆ ಒಂದು ಎಡವಟ್ಟಾಯಿತು. ನಿಮ್ಮ ಕ್ಯಾಸೆಟ್ಟಿಗೂ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ನನ್ನದು 90 ನಿಮಿಷದ ಕ್ಯಾಸೆಟ್. 1989ರ ಬೇಸಿಗೆ ರಜೆಯಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ರೆಕಾರ್ಡ್ ಮಾಡಿದ್ದು. ಅಜ್ಜಿ ಭತ್ತ ಕುಟ್ಟುತ್ತಾ ಹಾಡಿದ್ದು, ಜಗಲಿ ಮೇಲೆ ಮಕ್ಕಳು ಆಟ ಆಡಿದ್ದು, ನಡುವೆ ಎಲ್ಲೋ ಕರು ಕೂಗಿದ್ದು, ಎಲ್ಲಾ ಅದರಲ್ಲಿದೆ. ಅಜ್ಜಿ ಹೋಗಿ ಮೂವತ್ತು ವರ್ಷ ದಾಟಿತು. ಅವರ ದನಿ ಉಳಿದಿರುವುದು ಈ ಟೇಪಿನಲ್ಲಿ ಮಾತ್ರ.

ಕ್ಯಾಸೆಟ್ಟಿನ ಒಳಗಿದ್ದ ಸಣ್ಣ ಸ್ಪಾಂಜ್ ಪ್ಯಾಡ್ ಉದುರಿಹೋಗಿತ್ತು. ದನಿ ಓದುವ ಹೆಡ್ಡಿಗೆ ಟೇಪನ್ನು ಒತ್ತಿ ಹಿಡಿಯುವುದು ಅದೇ. ಅದಿಲ್ಲದಿದ್ದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅಂಗಡಿಯವರು ಬೇರೊಂದು ಕ್ಯಾಸೆಟ್ಟಿನ ಪ್ಯಾಡ್ ತೆಗೆದು ಇದಕ್ಕೆ ಕೂರಿಸಿದರು. ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಪಕ್ಕದ ಸ್ಕ್ರೂ ಒಂದು ಚೂರು ತಿರುಗಿಸಿದರು. ಮಂಕಾಗಿದ್ದ ದನಿ ತಟ್ಟನೆ ಬಿಡಿಸಿಕೊಂಡಿತು. 90 ನಿಮಿಷದ ಟೇಪಿಗೆ 90 ನಿಮಿಷ ಓಡಿಸಲೇಬೇಕು, ಬೇಗ ಮುಗಿಸುವ ದಾರಿ ಇಲ್ಲ. ಎರಡು ದಿನ ಬಿಟ್ಟು ಬನ್ನಿ ಅಂದರು. ಪ್ಯಾಡ್ ಸೇರಿ 300 ರೂಪಾಯಿ.

ಮನೆಗೆ ತಂದು ಕೇಳಿದರೆ 71 ನಿಮಿಷ ಮಾತ್ರ ಇದೆ. ಹಾಡಿನ ಸಾಲುಗಳೆಲ್ಲ ಇವೆ. ಸಾಲಿಗೊಮ್ಮೆ ಬರುತ್ತಿದ್ದ ‘ಸುವ್ವಿ ಸುವ್ವಿ’ ಇಲ್ಲ. ‘ತಂದಾನ ತಾನ’ ಇಲ್ಲ. ಮಕ್ಕಳ ‘ಅವಲಕ್ಕಿ ಪವಲಕ್ಕಿ’ ಪೂರ್ತಿ ಮಾಯ.

ಮಾರನೇ ದಿನ ಬೆಳಿಗ್ಗೆಯೇ ಹೋದೆ. “ಟೀಚರ್, ಅದ್ರಲ್ಲಿ ಅರ್ಥ ಏನೂ ಇರ್ಲಿಲ್ಲ. ಸುಮ್ನೆ ಅದೇ ಅದೇ ಬರ್ತಿತ್ತು. ನಿಮಗೆ ಕೇಳೋಕೆ ಚೆನ್ನಾಗಿರ್ಲಿ ಅಂತ ತೆಗೆದೆ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೂ ನನಗೆ ಗಂಟಲು ಕಟ್ಟಿತು.

ಅವರಿಗೆ ಮೂವತ್ತೈದರ ಆಸುಪಾಸು. “ಚಿಕ್ಕೋರಿದ್ದಾಗ ಕಾರ್ಟೂನ್ ನೆಟ್‌ವರ್ಕ್ ನೋಡ್ತಿದ್ರಾ?” ಅಂತ ಕೇಳಿದೆ. ದಿನಾ ನೋಡುತ್ತಿದ್ದರಂತೆ. “ಫ್ಲಿಂಟ್‌ಸ್ಟೋನ್ಸ್‌ನ ಫ್ರೆಡ್ ಖುಷಿಯಾದ್ರೆ ಏನಂತಾನೆ?”

“ಯಾಬ ಡಾಬ ಡೂ!” ಅಂಗಡಿಯಲ್ಲೇ ಕೂಗಿಬಿಟ್ಟರು.

“ಅದರ ಅರ್ಥ ಏನಪ್ಪಾ?”

“ಅರ್ಥ... ಖುಷಿ, ಅಷ್ಟೇ.”

“ಅದನ್ನ ಕತ್ತರಿಸಿದ್ರೆ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದಿಲ್ದಿದ್ರೆ ಅವನು ಫ್ರೆಡ್ಡೇ ಅಲ್ಲ ಟೀಚರ್.”

ಆ ಕೂಗಿನ ಹಿಂದೆಯೂ ಒಬ್ಬ ತಾಯಿ ಇದ್ದಾರೆ. ಕಾರ್ಟೂನ್ ಶುರುವಾಗಿದ್ದು 1960ರಲ್ಲಿ. ಬರೆದುಕೊಟ್ಟಿದ್ದರಲ್ಲಿ ‘ಯಾಹೂ’ ಅಂತ ಇತ್ತು. ಫ್ರೆಡ್‌ಗೆ ದನಿ ಕೊಟ್ಟ ಅಲನ್ ರೀಡ್, ಅದರ ಬದಲು ಹೀಗೆ ಹೇಳಲಾ ಅಂತ ಕೇಳಿದರು. ಒಂದು ಚೂರು ಹಚ್ಚಿದರೆ ಸಾಕು ಅನ್ನುವ ಅರ್ಥದ, ತಲೆಗೂದಲಿಗೆ ಹಚ್ಚುವ ಬ್ರಿಲ್‌ಕ್ರೀಮ್ ಜಾಹೀರಾತಿನ ಮಾತನ್ನು ಅವರ ತಾಯಿ ಆಡುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಆ ಮಾತಿನೊಳಗೆ ‘ಡ್ಯಾಬ್’ ಇದೆ, ‘ಡೂ’ ಇದೆ. ತಾಯಿಯ ಬಾಯಿಮಾತು ಮಗನ ಕೂಗಾಯಿತು. ಕಾರ್ಟೂನ್ ನಾಯಿ ಸ್ಕೂಬಿ ಡೂ ಹೆಸರೂ ಹಾಗೇ ಹುಟ್ಟಿದ್ದು. 1966ರ ಒಂದು ಹಾಡಿನ ಕೊನೆಯಲ್ಲಿ ಫ್ರಾಂಕ್ ಸಿನಾತ್ರಾ ‘ಡೂಬಿ ಡೂಬಿ ಡೂ’ ಅಂತ ಗುನುಗುತ್ತಾರೆ, ನಾಯಿಗೆ ಹೆಸರು ಸಿಕ್ಕಿದ್ದು ಅಲ್ಲಿಂದ. 1955ರಲ್ಲಿ ಅಮೆರಿಕದ ಗಾಯಕ ಲಿಟಲ್ ರಿಚರ್ಡ್ ತಮ್ಮ ಹಾಡಿನ ಶುರುವಿಗೇ ‘ವಾಪ್ ಬಾಪ್’ ಅಂತ ಅಬ್ಬರಿಸಿದ್ದು ಡ್ರಮ್ಮಿನ ಪೆಟ್ಟನ್ನು. ನಮ್ಮ ಮೃದಂಗದವರು ಬಾಯಲ್ಲಿ ‘ತಕಧಿಮಿ’ ಹೇಳುತ್ತಾರಲ್ಲ, ಹಾಗೆ.

ಕೆಲವು ಸಲ ನಮಗೆ ಅರ್ಥ ಇಲ್ಲ ಅನಿಸುವುದು ಇನ್ನೊಬ್ಬರ ಮನೆಮಾತಾಗಿರುತ್ತದೆ. ‘ಹಕುನಾ ಮಟಾಟಾ’ ಸ್ವಾಹಿಲಿ ಭಾಷೆಯದು, ಏನೂ ತೊಂದರೆ ಇಲ್ಲ ಅಂತ ಅರ್ಥ. 1957ರ ಹಿಂದಿ ಹಾಡು ‘ಈನಾ ಮೀನಾ ಡೀಕಾ’ದಲ್ಲಿ ‘ಮಾಕಾ ನಾಕಾ’ ಅಂತ ಬರುತ್ತದೆ. ಕೊಂಕಣಿ ಬಲ್ಲವರನ್ನು ಕೇಳಿ. ‘ನನಗೆ ಬೇಡ’ ಅಂತ ಹೇಳಿ ನಗುತ್ತಾರೆ.

ಅಜ್ಜಿಯ ‘ಸುವ್ವಿ’ಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಒಂದೇ ಒರಳಿಗೆ ಇಬ್ಬರು ನಿಂತು ಕುಟ್ಟುತ್ತಿದ್ದರು, ಅಜ್ಜಿ ಮತ್ತು ದೊಡ್ಡಮ್ಮ. ಒಂದು ಒನಕೆ ಮೇಲೆ ಹೋದಾಗ ಇನ್ನೊಂದು ಕೆಳಗೆ. ಒನಕೆ ಎತ್ತುವಾಗ ಉಸಿರು ಒಳಗೆ, ಬಿಡುವಾಗ ‘ಸುವ್ವಿ’ ಅಂತ ಹೊರಗೆ. ಅದು ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತಿತ್ತು. ಸಾಲಿನಲ್ಲಿ ತವರು, ಅಣ್ಣ, ಮಲ್ಲಿಗೆ ಎಲ್ಲ ಬರುತ್ತವೆ. ಆದರೆ ಇಬ್ಬರನ್ನೂ ಒಂದು ಲಯಕ್ಕೆ ಕಟ್ಟಿದ್ದು ಈ ಎರಡಕ್ಷರ. ಅದನ್ನು ತೆಗೆದ ಮೇಲೆ ಉಳಿದದ್ದರಲ್ಲಿ ಕೆಲಸವೂ ಇರಲಿಲ್ಲ, ಆಯಾಸವೂ ಇರಲಿಲ್ಲ. ಅಜ್ಜಿ ಆರಾಮಾಗಿ ಕೂತು ಪದ್ಯ ಓದಿದ ಹಾಗಿತ್ತು. ಅವರು ಹಾಗೆ ಕೂತಿದ್ದನ್ನು ನಾನು ನೋಡಿಯೇ ಇಲ್ಲ.

‘ಅವಲಕ್ಕಿ ಪವಲಕ್ಕಿ ಕಾಂಚಣ ಮಿಣಮಿಣ, ಡಾಂ ಡೂಂ ಡಸ್ ಪುಸ್ ಕೊಂಯ್ ಕೊಟಾರ್’. ಇದು ನಿಮಗೂ ಬಾಯಿಪಾಠ ಇರುತ್ತದೆ, ಅಲ್ವಾ? ನಾವು ದಿನನಿತ್ಯ ಕಾಫಿ ಗೀಫಿ, ತಿಂಡಿ ಗಿಂಡಿ ಅನ್ನುತ್ತೇವೆ. ಆ ಲೆಕ್ಕದಲ್ಲಿ ‘ಗಿವಲಕ್ಕಿ’ ಆಗಬೇಕಿತ್ತು. ಮಕ್ಕಳ ಬಾಯಲ್ಲಿ ‘ಪವಲಕ್ಕಿ’ ಆಗಿದೆ, ಕೇಳಲು ಎಷ್ಟು ಚೆಂದ! ಕಾಂಚಣ ಅಂದರೆ ಚಿನ್ನ, ಮಿಣಮಿಣ ಅಂದರೆ ಹೊಳಪು. ಅಲ್ಲಿಗೆ ಅರ್ಥ ಮುಗಿಯಿತು, ಮುಂದೆ ಬರೀ ಸದ್ದು. ಕೈ ನೆಲಕ್ಕೆ ಹರಡಿ ಕೂತ ಮಗು ಕಾಯುವುದು ಆ ಸದ್ದನ್ನೇ. ‘ಕೊಟಾರ್’ ಯಾರ ಕೈ ಮೇಲೆ ಬೀಳುತ್ತದೋ! ಒಂದನೇ ಕ್ಲಾಸಿಗೆ ಪಾಠ ಮಾಡುತ್ತಾ ಮೂವತ್ತು ವರ್ಷವಾಯಿತು. ಅಳುತ್ತಾ ಬಂದ ಮಗು ಮೊದಲ ದಿನ ನನ್ನ ಜೊತೆ ಬಾಯಿ ಬಿಡುವುದು ಇಂಥ ಮಾತಿಗೇ. ‘ಅ’ ಅಂದರೆ ಅರಸ ಅಂತ ಕಲಿಯುವುದು ಆಮೇಲೆ.

ಇಷ್ಟನ್ನೂ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದೆ. ಅವರು ಬೇಜಾರಿಲ್ಲದೆ ಕೇಳಿದರು. ಪುಣ್ಯಕ್ಕೆ ಮೊದಲು ಇಳಿಸಿಕೊಂಡ ಪೂರ್ತಿ ಫೈಲ್ ಅವರ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಕುಗ್ಗಿಸದ ವೇವ್ ಫೈಲ್, ನಿಮಿಷಕ್ಕೆ ಸುಮಾರು 10 ಎಂಬಿ. ಟೇಪನ್ನು ಮತ್ತೆ ಓಡಿಸಬೇಕಾಗಲಿಲ್ಲ. ಹತ್ತೇ ನಿಮಿಷದಲ್ಲಿ ಎಲ್ಲವನ್ನೂ ಹಾಕಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಹಿನ್ನೆಲೆಯ ಸುಯ್ ಸದ್ದನ್ನು ಜಾಸ್ತಿ ತೆಗೆದರೆ ದನಿಯೂ ತೆಳ್ಳಗಾಗುತ್ತದೆ ಅಂತ ತೋರಿಸಿ, ಹಾಗೇ ಬಿಡೋಣ ಅಂದರು. ಅದು ಸರಿಯಾದ ಮಾತು. ಕೊಡುವ ಮುಂಚೆ ಹೆಡ್‌ಫೋನ್ ಹಾಕಿಕೊಂಡು ಮಕ್ಕಳ ಆಟದ ಭಾಗ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಎರಡೂ ಅಂಗೈ ಟೇಬಲ್ಲಿನ ಮೇಲೆ ಹರಡಿಕೊಂಡವು.

ಕೆಲಸಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ, ತಪ್ಪು ತಿದ್ದಿಕೊಟ್ಟ ರೀತಿಗೆ ಐದಕ್ಕೆ ಐದು. ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆಗೆಯುತ್ತಾರೆ, ಭಾನುವಾರ ರಜೆ. ಹೋಗುವಾಗ ಸ್ವಂತ ಪೆನ್ ಡ್ರೈವ್ ಒಯ್ಯಿರಿ. ಕ್ಯಾಸೆಟ್ ಡಬ್ಬಿಯೊಳಗೆ ಒಂದು ಚೀಟಿಯನ್ನೂ ಇಡಿ. ‘ಏನನ್ನೂ ಕತ್ತರಿಸಬೇಡಿ’ ಅಂತ ದೊಡ್ಡದಾಗಿ ಬರೆಯಿರಿ.