ಓವನ್ ಹಚ್ಚದೆ ಹಬ್ಬದ ಟ್ರಫಲ್: ಅಂಗಡಿಯ ಸ್ನ್ಯಾಕ್ ಕೇಕ್ ಈ ಕೆಲಸಕ್ಕೆ ಎಷ್ಟು ಒದಗುತ್ತದೆ?

ಚಳಿಗಾಲದ ಹಬ್ಬದ ದಿನಗಳಲ್ಲಿ ಅಮೆರಿಕದ ಅಂಗಡಿಗಳಿಗೆ ಬರುವ ಸಿಹಿತಿನಿಸುಗಳ ಪೈಕಿ ಲಿಟಲ್ ಡೆಬ್ಬಿ ಹೆಸರಿನ ಕ್ರಿಸ್‌ಮಸ್ ಟ್ರೀ ಕೇಕ್‌ಗೆ ತನ್ನದೇ ಆದ ಅಭಿಮಾನಿ ಬಳಗವಿದೆ. ಟೆನೆಸೀ ರಾಜ್ಯದ ಕಾಲೆಜ್‌ಡೇಲ್‌ನಲ್ಲಿರುವ ಮಕೀ ಫುಡ್ಸ್ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದದ್ದು 1985ರಲ್ಲಿ. ಕ್ರಿಸ್‌ಮಸ್ ಮರದ ಆಕಾರದ ಎರಡು ಹಳದಿ ಕೇಕ್ ಪದರಗಳು, ನಡುವೆ ಬಿಳಿ ಕ್ರೀಮ್, ಸುತ್ತಲೂ ಬಿಳಿ ಐಸಿಂಗ್, ಅದರ ಮೇಲೆ ಕೆಂಪು ಗೆರೆಗಳು ಮತ್ತು ಉದುರಿಸಿದ ಹಸಿರು ಸಕ್ಕರೆ: ಇಷ್ಟೇ ಅದರ ರಚನೆ. ಈ ಕೇಕನ್ನು ಹಾಗೆಯೇ ತಿನ್ನುವ ಬದಲು ಪುಡಿ ಮಾಡಿ, ತುಸು ಕ್ರೀಮ್ ಚೀಸ್ ಸೇರಿಸಿ, ಉಂಡೆ ಕಟ್ಟಿ, ಕರಗಿಸಿದ ಚಾಕೊಲೇಟ್‌ನಲ್ಲಿ ಅದ್ದಿ ಟ್ರಫಲ್ ಮಾಡುವ ರೂಢಿ ಈಗ ಸಾಕಷ್ಟು ಹರಡಿದೆ. ಈ ಕೆಲಸಕ್ಕೆ ಸ್ನ್ಯಾಕ್ ಕೇಕ್, ಅಂದರೆ ಪೊಟ್ಟಣದಲ್ಲಿ ಸಿಗುವ ಇಂಥ ಪುಟ್ಟ ಕೇಕ್, ನಿಜಕ್ಕೂ ಒಳ್ಳೆಯ ಮೂಲವಸ್ತು ಎಂಬುದೇ ನನ್ನ ತೀರ್ಮಾನ. ಆದರೆ ಬಹುಪಾಲು ಪಾಕವಿಧಾನಗಳು ಅದನ್ನು ಮನೆಯಲ್ಲಿ ಬೇಯಿಸಿದ ಒಣ ಕೇಕ್ ಎಂದು ಭಾವಿಸಿ ಅಳತೆ ಹೇಳುವುದರಿಂದ ಫಲ ಕೆಡುತ್ತದೆ.

ಮನೆಯ ಕೇಕ್ ಪುಡಿಯಾದಾಗ ಅದನ್ನು ಹಿಡಿದಿಡಲು ಹೊರಗಿನಿಂದ ಏನಾದರೂ ಬೇಕೇ ಬೇಕು. ಸ್ನ್ಯಾಕ್ ಕೇಕ್ ಹಾಗಲ್ಲ. ಪೊಟ್ಟಣದೊಳಗೆ ಬಹುದಿನ ಮೆತ್ತಗಿರಬೇಕೆಂಬ ಉದ್ದೇಶದಿಂದಲೇ ತಯಾರಾಗುವ ಅದರಲ್ಲಿ ಎಣ್ಣೆಯ ಅಂಶ ಧಾರಾಳವಾಗಿರುತ್ತದೆ, ತೇವವನ್ನು ಬಿಟ್ಟುಕೊಡದ ಕಾರ್ನ್ ಸಿರಪ್ ಇರುತ್ತದೆ. ಒಳಗಿನ ಕ್ರೀಮ್ ಎಂಬುದೂ ಮುಖ್ಯವಾಗಿ ಸಕ್ಕರೆ ಮತ್ತು ಕೊಬ್ಬಿನ ಮಿಶ್ರಣವೇ ಆಗಿರುತ್ತದೆ. ಕೈಯಲ್ಲಿ ಹಿಸುಕುತ್ತಾ ಹೋದಂತೆ ಈ ಕ್ರೀಮ್ ಮತ್ತು ಐಸಿಂಗ್ ಪುಡಿಯೊಳಗೆ ಸೇರಿ ತಾವೇ ಅಂಟಿನ ಕೆಲಸ ಮಾಡತೊಡಗುತ್ತವೆ. ಅಂದ ಮೇಲೆ ಕ್ರೀಮ್ ಚೀಸ್ ಇಲ್ಲಿ ಬೇಕಾಗುವುದು ಹಿಡಿತಕ್ಕಿಂತ ಹೆಚ್ಚಾಗಿ ರುಚಿಗೆ. ಅದರ ಹುಳಿ ಮತ್ತು ನಸು ಉಪ್ಪು ಇಲ್ಲದಿದ್ದರೆ ಒಳಗೂ ಸಿಹಿ, ಹೊರಗೂ ಸಿಹಿಯಾಗಿ ಒಂದು ಟ್ರಫಲ್ ಮುಗಿಸುವುದೂ ಕಷ್ಟವಾಗುತ್ತದೆ.

ಆದ್ದರಿಂದ 8 ಔನ್ಸ್, ಅಂದರೆ ಸುಮಾರು 226 ಗ್ರಾಂ ತೂಗುವ ಕ್ರೀಮ್ ಚೀಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದೇ ಬಾರಿಗೆ ಸುರಿಯಿರಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹತ್ತು ಕೇಕ್‌ಗಳಿಗೆ ಅದರ ಕಾಲು ಭಾಗದಿಂದ ಆರಂಭಿಸಿ, ಹದ ನೋಡಿಕೊಂಡು ಬೇಕಾದರಷ್ಟೇ ಚಮಚ ಚಮಚವಾಗಿ ಸೇರಿಸುವುದು ಕ್ಷೇಮ. ಹದವನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಬೆರಳಿನ ಗುರುತುಗಳು ಸ್ಪಷ್ಟವಾಗಿ ನಿಲ್ಲಬೇಕು, ಅಂಚು ಬಿರಿಯಬಾರದು, ಅಂಗೈಗೆ ತೆಳುವಾದ ಜಿಡ್ಡು ಹತ್ತಿದರೂ ಮಿಶ್ರಣ ಮೆತ್ತಿಕೊಳ್ಳಬಾರದು. ಮೆತ್ತಿಕೊಂಡಿತೆಂದರೆ ಚೀಸ್ ಹೆಚ್ಚಾಗಿದೆ ಎಂದೇ ಅರ್ಥ. ಅಂಥ ಉಂಡೆ ಫ್ರಿಜ್‌ನಲ್ಲಿ ಗಟ್ಟಿಯಾದಂತೆ ಕಂಡರೂ ಬಿಸಿ ಚಾಕೊಲೇಟ್ ತಾಗಿದ ಕೂಡಲೇ ಸಡಿಲಗೊಂಡು ಫೋರ್ಕಿನ ಹಲ್ಲುಗಳ ನಡುವೆ ಕುಸಿಯುತ್ತದೆ. ಕ್ರೀಮ್ ಚೀಸ್ ಕೋಣೆಯ ಉಷ್ಣಾಂಶಕ್ಕೆ ಬಂದು ಮೆತ್ತಗಾಗಿರಬೇಕು ಎಂಬುದನ್ನೂ ಹೇಳಲೇಬೇಕು. ತಣ್ಣಗಿರುವ ಚೀಸ್ ಸಣ್ಣ ಸಣ್ಣ ಬಿಳಿ ಗಂಟುಗಳಾಗಿ ಉಳಿದು, ಟ್ರಫಲ್ ಕಚ್ಚಿದಾಗ ಒಂದು ಕಡೆ ಬರೀ ಹುಳಿ, ಇನ್ನೊಂದು ಕಡೆ ಬರೀ ಸಿಹಿ ಸಿಗುತ್ತದೆ.

ಟ್ರೀ ಕೇಕ್ ಪುಡಿಯಾಗುವ ಬಗೆ ನೋಡಲು ಚೆಂದ. ಐಸಿಂಗ್ ಮೊದಲು ತೆಳುವಾದ ಚಕ್ಕೆಗಳಾಗಿ ಒಡೆದು, ನಂತರ ಕೇಕಿನ ತೇವಕ್ಕೆ ಕರಗುತ್ತಾ ಹೋಗುತ್ತದೆ. ಹಳದಿ ಮಿಶ್ರಣದ ನಡುವೆ ಹಸಿರು ಸಕ್ಕರೆಯ ಹರಳುಗಳು ಅಲ್ಲಲ್ಲಿ ಮಿನುಗುತ್ತವೆ. ಇದನ್ನು ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬುವವರಿದ್ದಾರೆ, ಕೈಯಿಂದಲೇ ಹಿಸುಕುವವರೂ ಇದ್ದಾರೆ. ನನ್ನ ಮತ ಎರಡನೆಯವರ ಕಡೆಗೆ. ಯಂತ್ರದಲ್ಲಿ ಕೇಕಿನ ಅಂಗರಚನೆ ಪೂರ್ತಿ ನಾಶವಾಗಿ ಲೇಪದಂತಹ ಪದಾರ್ಥ ಉಳಿಯುತ್ತದೆ. ಕೈಯಲ್ಲಿ ಮಾಡಿದರೆ ಅಲ್ಲಲ್ಲಿ ಕೇಕಿನ ಸಣ್ಣ ತುಣುಕುಗಳು ಉಳಿದು, ತಿನ್ನುವವರಿಗೆ ತಾವು ತಿನ್ನುತ್ತಿರುವುದು ಕೇಕಿನಿಂದಾದದ್ದು ಎಂಬುದು ಗೊತ್ತಾಗುತ್ತದೆ.

ಬೇರೆ ಸ್ನ್ಯಾಕ್ ಕೇಕ್‌ಗಳ ಮಾತು. ಚಾಕೊಲೇಟ್ ಹೊದಿಕೆಯ ಸ್ವಿಸ್ ರೋಲ್‌ಗಳನ್ನು ನಾನು ಟ್ರೀ ಕೇಕ್‌ಗಿಂತ ಒಂದು ಮೆಟ್ಟಿಲು ಮೇಲಿಡುತ್ತೇನೆ. ಸುರುಳಿಯ ಉದ್ದಕ್ಕೂ ಕ್ರೀಮ್ ಹರಡಿರುವುದರಿಂದ ಅದು ಪುಡಿಯೊಂದಿಗೆ ಸಮನಾಗಿ ಬೆರೆಯುತ್ತದೆ, ಕೋಕೋದ ಕಹಿ ಸಿಹಿಯನ್ನು ತಕ್ಕಮಟ್ಟಿಗೆ ಹತೋಟಿಯಲ್ಲಿಡುತ್ತದೆ. 1960ರಲ್ಲಿ ಲಿಟಲ್ ಡೆಬ್ಬಿ ಹೆಸರು ಮೊದಲು ಮಾರುಕಟ್ಟೆಗೆ ಬಂದದ್ದು ಓಟ್‌ಮೀಲ್ ಕ್ರೀಮ್ ಪೈ ಜೊತೆಗೆ. ಸಂಸ್ಥಾಪಕರಾದ ಮಕೀ ದಂಪತಿಯ ಮೊಮ್ಮಗಳ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಓಟ್ಸ್ ಇರುವ ಎರಡು ಮೆತ್ತನೆಯ ಕುಕೀಗಳ ನಡುವೆ ಕ್ರೀಮ್ ಇರುವ ಆ ತಿನಿಸು ಬಹುತೇಕ ಏನನ್ನೂ ಸೇರಿಸದೆಯೇ ಉಂಡೆ ಕಟ್ಟಲು ಬರುತ್ತದೆ, ಅಗಿಯಲು ಗಟ್ಟಿತನವೂ ಇರುತ್ತದೆ. ಟ್ವಿಂಕಿಯಂತಹ ಸ್ಪಂಜಿನ ಕೇಕ್‌ಗಳ ಸ್ವಭಾವ ಬೇರೆ. ಜೇಮ್ಸ್ ಡ್ಯೂಅರ್ 1930ರಲ್ಲಿ ಇಲಿನಾಯ್ಸ್‌ನಲ್ಲಿ ರೂಪಿಸಿದ ಆ ಕೇಕಿನೊಳಗೆ ಮೊದಲು ಇದ್ದದ್ದು ಬಾಳೆಹಣ್ಣಿನ ಕ್ರೀಮ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಳೆಹಣ್ಣಿನ ಅಭಾವವಾದಾಗ ವೆನಿಲಾ ಬಂದು ಅದೇ ಉಳಿದುಕೊಂಡಿತು. ಐಸಿಂಗ್ ಇಲ್ಲದ, ಗಾಳಿ ತುಂಬಿದ ಸ್ಪಂಜು ಅದಾದ್ದರಿಂದ ಹಿಸುಕಿದಾಗ ಗಾತ್ರ ಬಹಳ ತಗ್ಗುತ್ತದೆ, ಚೀಸ್ ಕೂಡ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಬಾಳೆಹಣ್ಣಿನ ಆ ಹಳೆಯ ಪರಿಮಳವನ್ನು ಒಂದೆರಡು ಹನಿ ಎಸೆನ್ಸ್‌ನಿಂದ ಮರಳಿ ತಂದರೆ ಅದರ ಟ್ರಫಲ್ ಸೊಗಸಾಗಿರುತ್ತದೆ.

ಈ ಇಡೀ ಕೆಲಸದಲ್ಲಿ ನಿಜವಾದ ಪರೀಕ್ಷೆ ಇರುವುದು ಹೊರ ಹೊದಿಕೆಯಲ್ಲಿ. ಕ್ಯಾಂಡಿ ಮೆಲ್ಟ್ ಅಥವಾ ಆಲ್ಮಂಡ್ ಬಾರ್ಕ್ ಎಂಬ ಹೆಸರಿನಲ್ಲಿ ಸಿಗುವುದು ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ಹೊದಿಕೆ. ಕರಗಿಸಿ ಅದ್ದಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ. ಅನುಕೂಲದ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ರುಚಿಯ ದೃಷ್ಟಿಯಿಂದ ಮಾತ್ರ ಅದು ಸಪ್ಪೆ ಸಿಹಿ, ಬಾಯಲ್ಲಿ ಕರಗುವ ಬದಲು ಮೇಣದ ಪದರದಂತೆ ಅಂಗುಳಿಗೆ ಅಂಟುತ್ತದೆ. ನಿಜವಾದ ಚಾಕೊಲೇಟ್ ಬಳಸಿದರೆ ಅದನ್ನು ಟೆಂಪರ್ ಮಾಡಬೇಕಾಗುತ್ತದೆ: ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿದಾಗ ಕೋಕೋ ಬೆಣ್ಣೆ ಸರಿಯಾದ ಹರಳಿನ ರೂಪ ಪಡೆದು ಹೊಳಪೂ, ಕಚ್ಚಿದಾಗ ಚಟಕ್ಕನೆ ಮುರಿಯುವ ಗುಣವೂ ಬರುತ್ತವೆ. ಈ ಶ್ರಮ ಸಾರ್ಥಕವೇ ಎಂದು ಕೇಳಿದರೆ, ಸ್ವಿಸ್ ರೋಲ್ ಟ್ರಫಲ್‌ಗೆ ಖಂಡಿತ ಹೌದು ಎನ್ನುತ್ತೇನೆ. ಟ್ರೀ ಕೇಕ್‌ಗೆ ಬಿಳಿ ಹೊದಿಕೆಯೇ ಒಪ್ಪುತ್ತದೆ, ಏಕೆಂದರೆ ಮೂಲ ಕೇಕಿನ ಬಿಳಿ ಮೈ, ಕೆಂಪು ಗೆರೆ, ಹಸಿರು ಚುಕ್ಕೆಗಳನ್ನು ಪುಟ್ಟ ಉಂಡೆಯ ಮೇಲೆ ಮತ್ತೆ ಮೂಡಿಸುವುದರಲ್ಲೇ ಅದರ ಸಂತೋಷವಿದೆ. ಹಸಿರು ಸಕ್ಕರೆಯನ್ನು ಅದ್ದಿದ ತಕ್ಷಣವೇ ಉದುರಿಸಬೇಕು. ತಣ್ಣನೆಯ ಉಂಡೆಯ ಮೇಲೆ ಹೊದಿಕೆ ಬಹಳ ಬೇಗ ಬಿಗಿದುಕೊಳ್ಳುವುದರಿಂದ, ತಡ ಮಾಡಿದರೆ ಹರಳುಗಳು ಅಂಟದೆ ಉರುಳಿ ಹೋಗುತ್ತವೆ. ಕೆಂಪು ಗೆರೆಗಳನ್ನು ಹೊದಿಕೆ ಗಟ್ಟಿಯಾದ ಮೇಲೆ ಎಳೆಯಬೇಕು.

ಕರಗಿಸುವಾಗ ಮೈಕ್ರೊವೇವ್‌ನ ಅರ್ಧ ಶಕ್ತಿಯಲ್ಲಿ 30 ಸೆಕೆಂಡುಗಳಿಗೊಮ್ಮೆ ಹೊರತೆಗೆದು ಕಲಕುವುದು ಒಳ್ಳೆಯದು. ಬಟ್ಟಲಿಗೆ ಒಂದೆರಡು ಹನಿ ನೀರು ಬಿದ್ದರೂ ಚಾಕೊಲೇಟ್ ಮರಳಿನಂತೆ ಗಡುಸಾಗಿಬಿಡುತ್ತದೆ. ಹೊದಿಕೆ ಮಂದವಾಗಿದ್ದರೆ ಹಾಲು, ನೀರು ಸೇರಿಸದೆ, ಒಂದು ಚಿಕ್ಕ ಚಮಚ ತೆಂಗಿನೆಣ್ಣೆ ಸೇರಿಸಬೇಕು. ಉಂಡೆಗಳನ್ನು ಅದ್ದುವ ಮೊದಲು ಫ್ರೀಜರ್‌ನಲ್ಲಿ ಇಡುವುದು ಅಗತ್ಯವೇ, ಆದರೆ 15–20 ನಿಮಿಷ ಸಾಕು. ಕಲ್ಲಾಗುವವರೆಗೆ ಹೆಪ್ಪುಗಟ್ಟಿಸಿ ಅದ್ದಿದಾಗ, ಒಳಗಿನ ಉಂಡೆ ನಿಧಾನವಾಗಿ ಬೆಚ್ಚಗಾಗಿ ಹಿಗ್ಗುತ್ತದೆ, ಅಷ್ಟರಲ್ಲಿ ಹೊರಗಿನ ಹೊದಿಕೆ ಬಿಗಿದು ಕುಗ್ಗಿರುತ್ತದೆ. ಹೀಗಾಗಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟು ಅದರಿಂದ ಎಣ್ಣೆ ಜಿನುಗುತ್ತದೆ.

ಈ ತಿನಿಸಿನ ಒಂದು ದೊಡ್ಡ ಗುಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಸಿ ಹಿಟ್ಟು ಮತ್ತು ಹಸಿ ಮೊಟ್ಟೆ ಇರುವ ಕುಕೀ ಹಿಟ್ಟನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳಬಾರದೆಂದು ಆಹಾರ ಸುರಕ್ಷತಾ ಸಂಸ್ಥೆಗಳು ಎಚ್ಚರಿಸುತ್ತಲೇ ಇರುತ್ತವೆ. ಇಲ್ಲಿ ಕೇಕ್ ಕಾರ್ಖಾನೆಯಲ್ಲಿಯೇ ಬೆಂದಿರುವುದರಿಂದ, ಮಕ್ಕಳು ಉಂಡೆ ಕಟ್ಟುತ್ತಾ ಬೆರಳು ನೆಕ್ಕಿದರೂ ಆ ಭಯವಿಲ್ಲ. ಹಬ್ಬದ ಅಡುಗೆಯಲ್ಲಿ ಅವರಿಗೆ ನಿಜವಾದ ಪಾಲು ಸಿಗುವ ಕೆಲವೇ ಕೆಲಸಗಳಲ್ಲಿ ಇದೂ ಒಂದು, ಆ ಕಾರಣಕ್ಕೇ ನನಗೆ ಇದು ಬಹಳ ಪ್ರಿಯ. ಗೋಧಿ, ಹಾಲು, ಮೊಟ್ಟೆ, ಸೋಯಾ ಒಗ್ಗದವರಿಗೆ ಕೊಡುವ ಮುನ್ನ ಪೆಟ್ಟಿಗೆಯ ಮೇಲಿನ ವಿವರವನ್ನು ಓದಲೇಬೇಕು.

ಕ್ರೀಮ್ ಚೀಸ್ ಸೇರಿದ ಮೇಲೆ ಇದು ಮೂಲ ಸ್ನ್ಯಾಕ್ ಕೇಕಿನಂತೆ ಕಪಾಟಿನಲ್ಲಿ ಇಡುವ ವಸ್ತುವಾಗಿ ಉಳಿಯುವುದಿಲ್ಲ. ಬೇಗ ಕೆಡುವ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು ಎಂಬ ಅಮೆರಿಕದ ಕೃಷಿ ಇಲಾಖೆಯ ನಿಯಮವನ್ನು ಇಲ್ಲಿಯೂ ಪಾಲಿಸುವುದು ಲೇಸು. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಬಡಿಸುವ ಕಾಲು ಗಂಟೆ ಮೊದಲು ಹೊರತೆಗೆದರೆ ಒಳಭಾಗ ಸರಿಯಾಗಿ ಮೆತ್ತಗಾಗಿರುತ್ತದೆ. ದೂರದ ಊರಿಗೆ ಅಂಚೆಯಲ್ಲಿ ಕಳಿಸುವ ಉದ್ದೇಶವಿದ್ದರೆ ಇದನ್ನು ಆರಿಸಿಕೊಳ್ಳಬೇಡಿ.

ಉಂಡೆ ಒಂದು ಅಂಗುಲಕ್ಕಿಂತ ದೊಡ್ಡದಾಗಬಾರದು, ಇಷ್ಟು ಸಿಹಿಯಾದ ತಿನಿಸಿಗೆ ಅದು ಧಾರಾಳವಾಯಿತು. ಗನಾಶ್‌ನಿಂದ, ಅಂದರೆ ಚಾಕೊಲೇಟ್ ಮತ್ತು ಕ್ರೀಮಿನ ಮಿಶ್ರಣದಿಂದ, ಮಾಡಿದ ಟ್ರಫಲ್‌ನ ನಯವನ್ನು ಬಯಸುವವರಿಗೆ ಇದು ಹಿಡಿಸಲಾರದು. ಓವನ್ ಇಲ್ಲದ ಅಥವಾ ಬಿಡುವಿಲ್ಲದ ಮನೆಯವರು ಒಂದು ಸಂಜೆ ಕೂತು ತಟ್ಟೆ ತುಂಬಾ ಮಾಡಿಡಲು ಮಾತ್ರ ಇದು ಬಹಳ ಯೋಗ್ಯ. ಒಂದೇ ಬಗೆಯನ್ನು ಆರಿಸುವುದಾದರೆ ನಾನು ಸ್ವಿಸ್ ರೋಲ್‌ಗಳನ್ನು ತಂದು, 70 ಪ್ರತಿಶತ ಕೋಕೋ ಇರುವ ಕಪ್ಪು ಚಾಕೊಲೇಟ್‌ನಲ್ಲಿ ಅದ್ದಿ, ಮೇಲೆ ಎರಡು ಹರಳು ಉಪ್ಪು ಇಡುತ್ತೇನೆ.