ಹಳೇ ಡಂಜನ್, ಹೊಸ ಡಂಜನ್: ಭಾನುವಾರದ ಮೂರು ಗಂಟೆಯ ಬಿಡುವಿಗೆ ಯಾವುದು ಸರಿ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಟೇಬಲ್ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಆಡುವ ರೋಲ್‌ಪ್ಲೇಯಿಂಗ್ ಆಟ ಅಂದರೆ ನನಗೆ ಹಳೇ ಶೈಲಿಯದೇ ಬೇಕು. ಹೊಸ ಶೈಲಿಯ ಮೂರು ದಪ್ಪ ಪುಸ್ತಕಗಳೂ ನನ್ನ ಕಪಾಟಿನಲ್ಲಿವೆ. ದುಡ್ಡು ಕೊಟ್ಟು ಕೊಂಡು, ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆಯನ್ನೂ ಶತ್ರುಗಳನ್ನೂ ನಡೆಸುವವನಾಗಿ, ವರ್ಷಗಟ್ಟಲೆ ಆಡಿಸಿದ್ದೇನೆ. ಆಮೇಲೆ ಹಳೆಯದಕ್ಕೆ ಬಂದೆ, ಅಲ್ಲೇ ಉಳಿದೆ.

ಹೋಲಿಕೆ ಯಾವುದರ ನಡುವೆ ಅಂತ ಹೇಳಬೇಕಲ್ಲ. ಒಂದು, ಡಂಜನ್ಸ್ ಅಂಡ್ ಡ್ರಾಗನ್ಸ್‌ನ 5ನೇ ಆವೃತ್ತಿ, 2014ರಲ್ಲಿ ಬಂದದ್ದು. ಇನ್ನೊಂದು, ಅದೇ ಆಟದ 1981ರ ರೂಪ. ಟಾಮ್ ಮೋಲ್ಡ್‌ವೇ ಸಿದ್ಧಪಡಿಸಿದ ಬೇಸಿಕ್, ಡೇವಿಡ್ ಕುಕ್ ಸಿದ್ಧಪಡಿಸಿದ ಎಕ್ಸ್‌ಪರ್ಟ್. ಎರಡೂ 64 ಪುಟದ ತೆಳು ಪುಸ್ತಕಗಳು. ಆ ನಿಯಮಗಳನ್ನೇ ಗ್ಯಾವಿನ್ ನಾರ್ಮನ್ 2019ರಲ್ಲಿ ಅಚ್ಚುಕಟ್ಟಾಗಿ ಜೋಡಿಸಿ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಅಂತ ಹೊರತಂದರು. ನಾವು ಆಡುವುದು ಇದನ್ನೇ.

ನಮ್ಮದು ಬೆಂಗಳೂರಿನ ತಂಡ. ಒಬ್ಬರು ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಬನಶಂಕರಿಯಲ್ಲಿ ಇಳಿದು ಬರುತ್ತಾರೆ. ಇನ್ನೊಬ್ಬರು ಹೆಬ್ಬಾಳದಿಂದ ಸ್ಕೂಟರ್‌ನಲ್ಲಿ. ಇಬ್ಬರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಎಲ್ಲರೂ ಸೇರಿ, ಕಾಫಿ ಆಗಿ, ಟ್ರಾಫಿಕ್ ಬೈದು ಮುಗಿಸಿದ ಮೇಲೆ ಆಟಕ್ಕೆ ಸಿಗೋದು ಭಾನುವಾರ ಮಧ್ಯಾಹ್ನ ಮೂರು ಗಂಟೆ ಹೊತ್ತು. ಈ ಮೂರು ಗಂಟೆಯನ್ನು ಲೆಕ್ಕಕ್ಕೆ ತಗೊಳ್ಳದೆ ನಾನು ಯಾವ ಆಟವನ್ನೂ ಅಳೆಯಲಾರೆ.

5ನೇ ಆವೃತ್ತಿಯ ಮೇಲೆ ನನಗಿರುವ ದೊಡ್ಡ ದೂರು ಒಂದೇ. ಹೊಡೆದಾಟ ಮುಗಿಯೋದೇ ಇಲ್ಲ.

ಓಗರ್ ಅಂತ ಒಂದು ದೈತ್ಯ ಇದೆ, ಎರಡೂ ಆಟದಲ್ಲಿ. 2014ರ ಪುಸ್ತಕದಲ್ಲಿ ಅದಕ್ಕೆ 59 ಹಿಟ್ ಪಾಯಿಂಟ್, ಅಂದರೆ ಬೀಳುವ ಮುಂಚೆ ತಾಳಿಕೊಳ್ಳುವ ಏಟಿನ ಲೆಕ್ಕ. 1981ರ ನಿಯಮದಲ್ಲಿ ಸರಾಸರಿ 19. ಹೊಸ ಆಟದಲ್ಲಿ ನಮ್ಮವರ ಏಟೂ ಜೋರು, ನಿಜ. ಆದರೆ ನಿಜವಾಗಿ ಹೊತ್ತು ತಿನ್ನೋದು ಒಬ್ಬೊಬ್ಬರ ಸರದಿ. ಪ್ರತಿ ಆಟಗಾರನಿಗೂ ಒಂದು ನಡಿಗೆ, ಒಂದು ಆಕ್ಷನ್, ಇದ್ದರೆ ಒಂದು ಬೋನಸ್ ಆಕ್ಷನ್. ಬೇರೆಯವರ ಸರದಿಯಲ್ಲಿ ಒಂದು ರಿಯಾಕ್ಷನ್. ಮಂತ್ರವಾದಿಗೆ ಏಟು ಬಿದ್ದರೆ ಅವನ ಏಕಾಗ್ರತೆ ಉಳಿಯಿತಾ ಅಂತ ಇನ್ನೊಂದು ದಾಳ. ಐದು ಜನ ಕೂತಿದ್ದರೆ ಒಂದು ಸುತ್ತು ಬರುವಷ್ಟರಲ್ಲಿ ಮೊದಲು ಆಡಿದವರು ಫೋನ್ ತೆಗೆದಿರುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅವರ ಪಾಲಿಗೆ ಆಟ ನಿಂತಿರುತ್ತದೆ.

ಒಂದು ಭಾನುವಾರ ಹಾಳು ಬಿದ್ದ ಗಾಣದ ಮನೆಯೊಳಗೆ ಎರಡು ಓಗರ್, ಜೊತೆಗೆ ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸರನ್ನು ಒಂದಷ್ಟು ಇಟ್ಟಿದ್ದೆ. ಕಥೆಯಲ್ಲಿ ಅದು ಸಣ್ಣ ಘಟನೆ. ಅದರಾಚೆ ಒಂದು ಸುರಂಗ, ಸುರಂಗದ ಕೊನೆಗೆ ಒಬ್ಬ ಖೈದಿ, ಆ ಖೈದಿಗೆ ಒಂದು ಗುಟ್ಟು. ವಾರವಿಡೀ ಕೂತು ಬರೆದಿದ್ದೆ. ಹೊಡೆದಾಟ ಮುಗಿದಾಗ ವೈಟ್‌ಫೀಲ್ಡ್‌ನವರು ಚಪ್ಪಲಿ ಹಾಕುತ್ತಿದ್ದರು. ಸುರಂಗದ ಬಾಗಿಲು ಯಾರೂ ನೋಡಲಿಲ್ಲ. ಮುಂದಿನ ಸಲ ಸೇರುವಷ್ಟರಲ್ಲಿ ಒಬ್ಬರಿಗೆ ಮದುವೆ ಮನೆ, ಇನ್ನೊಬ್ಬರಿಗೆ ಆಫೀಸಿನ ರಿಲೀಸ್. ಕಥೆ ಅಲ್ಲೇ ತಣ್ಣಗಾಯಿತು. ಹೀಗೆ ಆಗಿದ್ದು ಅದೊಂದೇ ಸಲ ಆಗಿದ್ದರೆ ನಾನು ಆಟ ಬದಲಿಸುತ್ತಿರಲಿಲ್ಲ.

ಅದೇ ಗಾಣದ ಮನೆಯನ್ನು ಹಳೇ ನಿಯಮದಲ್ಲಿ, ಬೇರೆ ಗೆಳೆಯರಿಗೆ ಆಡಿಸಿದೆ. ಮೊದಲ ವ್ಯತ್ಯಾಸ, ಯಾರು ಮೊದಲು ಹೊಡೆಯುತ್ತಾರೆ ಅನ್ನೋದಕ್ಕೆ ಒಂದೊಂದು ಪಕ್ಷಕ್ಕೆ ಒಂದೊಂದು ದಾಳ, ಅಷ್ಟೇ. ನಮ್ಮವರೆಲ್ಲ ಒಟ್ಟಿಗೆ, ಅವರೆಲ್ಲ ಒಟ್ಟಿಗೆ. ಎರಡನೆಯದು, ಮೊರಾಲ್, ಅಂದರೆ ಶತ್ರುಗಳ ಧೈರ್ಯ ಉಳಿಯಿತಾ ಅಂತ ದಾಳ ಹಾಕಿ ನೋಡೋದು. ಮೊದಲ ಗಾಬ್ಲಿನ್ ಬಿದ್ದ ತಕ್ಷಣ ನಾನು ಎರಡು ಆರು ಮುಖದ ದಾಳ ಹಾಕಿದೆ. ಗಾಬ್ಲಿನ್‌ಗಳ ಧೈರ್ಯ 7. ದಾಳದಲ್ಲಿ ಅದಕ್ಕಿಂತ ಜಾಸ್ತಿ ಬಂತು. ಉಳಿದವು ಎದ್ದುಬಿದ್ದು ಓಡಿದವು. ಒಂದನ್ನು ಹಿಡಿದು ಕಟ್ಟಿಹಾಕಿದರು, ಬಾಯಿ ಬಿಡಿಸಿದರು. ಒಂದು ಓಗರ್‌ಗೆ ಹಂದಿ ಮಾಂಸದ ಆಸೆ ತೋರಿಸಿ ಹೊರಗೆ ಕಳಿಸಿದರು. ಕಾಲು ಗಂಟೆಯಲ್ಲಿ ಸುರಂಗದೊಳಗಿದ್ದರು.

ಈ ಮೊರಾಲ್ ನಿಯಮ ಯುದ್ಧದ ಆಟಗಳಿಂದ ಬಂದದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಅವರ ಹಿಂದೆ ಇದ್ದದ್ದು ಸೈನ್ಯಗಳ ಆಟವೇ. ಸಾಯುವವರೆಗೂ ಹೊಡೆದಾಡುವ ಸೈನ್ಯ ಎಲ್ಲೂ ಇಲ್ಲ ಅನ್ನೋದು ಅವರಿಗೆ ಗೊತ್ತಿತ್ತು. 5ನೇ ಆವೃತ್ತಿಯಲ್ಲಿ ಇದು ಬೇಕಾದರೆ ಬಳಸಿ ಎಂಬಂಥ ನಿಯಮವಾಗಿ ಡಂಜನ್ ಮಾಸ್ಟರ್ ಪುಸ್ತಕದಲ್ಲಿ ಕೂತಿದೆ. ನಾನೇ ಮನಸ್ಸು ಮಾಡಿ ಗಾಬ್ಲಿನ್‌ಗಳನ್ನು ಓಡಿಸಬಹುದು. ಆದರೆ ಆಗ ಆಟಗಾರರಿಗೆ ನಾನು ದಯೆ ತೋರಿಸಿದೆ ಅನ್ನಿಸುತ್ತದೆ. ದಾಳ ಓಡಿಸಿದರೆ ಅದು ಅವರು ಗೆದ್ದದ್ದು. ದಾಳ ಬೀಳುವವರೆಗೆ ನನಗೂ ಗೊತ್ತಿರುವುದಿಲ್ಲ. ಆಡಿಸುವವನಿಗೂ ಹೀಗೆ ಆಶ್ಚರ್ಯ ಆಗಬೇಕು ಅನ್ನೋದು ನನ್ನ ಆಸೆ.

ಹೊಡೆದಾಟ ಎಳೆಯೋದು 2024ರ ಪರಿಷ್ಕೃತ ಪುಸ್ತಕದಲ್ಲಿ ಸರಿಹೋಗಿರಬಹುದು ಅಂತ ಓದಿದೆ. ಇಲ್ಲ. ಆಯುಧಗಳಿಗೂ ಮಾಸ್ಟರಿ ಅಂತ ಗುಣಗಳು ಸೇರಿವೆ. ಒಂದು ಏಟಿಗೆ ಶತ್ರುವನ್ನು ಹಿಂದೆ ತಳ್ಳುವುದು, ಬೀಳಿಸುವುದು ಇತ್ಯಾದಿ. ಯೋಧನನ್ನು ಆಡುವವರಿಗೆ ಖುಷಿಯೇ, ಆದರೆ ಅವರ ಸರದಿ ಇನ್ನಷ್ಟು ಉದ್ದ.

ಇನ್ನು ನನಗೆ ತುಂಬಾ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಚಿತ್ರದುರ್ಗದ ಕೋಟೆ ನೋಡಿ ಬಂದ ಮೇಲೆ ಅದೇ ಥರದ ಒಂದು ಕೋಟೆಯ ನಕ್ಷೆ ಬರೆದೆ. ಸುತ್ತುಸುತ್ತಿನ ಗೋಡೆ, ಎಣ್ಣೆ ಕೊಳ, ಕಣಜ, ಬಂಡೆಯ ಸಂದಿಯಲ್ಲಿ ಒಬ್ಬರೇ ನುಸುಳುವಂಥ ಒಂದು ಕಿಂಡಿ. ನಮ್ಮ ತಂಡದಲ್ಲಿ ಕಳ್ಳಿಯ ಪಾತ್ರ ಮಾಡುವ ಗೆಳತಿಗೆ ಆಗ ಉಳಿದಿದ್ದದ್ದು 3 ಹಿಟ್ ಪಾಯಿಂಟ್. ಅವಳು ನಕ್ಷೆ ನೋಡಿದಳು, ಕಿಂಡಿಯ ಪಕ್ಕ ನಿಂತುಕೊಳ್ತೀನಿ ಅಂದಳು. ಕೈಯಲ್ಲಿ ಕಣಜದಿಂದ ಎತ್ತಿಕೊಂಡ ಒನಕೆ. ಟೇಬಲ್‌ನಲ್ಲಿ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಒನಕೆ ಓಬವ್ವನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ತಲೆ ಮಾತ್ರ ಒಳಗೆ ಬಂದಿರುವವನು ತಡೆಯಲಾರ, ಹಾಗಾಗಿ ಪ್ರತಿ ಏಟೂ ತಾಗುತ್ತದೆ ಅಂತ ನಾನು ತೀರ್ಮಾನ ಕೊಟ್ಟೆ. ನಾಲ್ಕನೆಯವನು ಬಿದ್ದಾಗ ಆ ಕಡೆಯವರಿಗೆ ಅನುಮಾನ ಬಂತು.

ಹೊಸ ಆಟದಲ್ಲಿ ಇದಕ್ಕೆ ಅಡ್ಡಿ ಇಲ್ಲ. ಆದರೆ ಅಲ್ಲಿ ಅದೇ ಗೆಳತಿಯ ಕಣ್ಣು ಮೊದಲು ಹೋಗುತ್ತಿದ್ದದ್ದು ತನ್ನ ಪಾತ್ರದ ಶಕ್ತಿಗಳೆಲ್ಲ ಬರೆದಿರುವ ಹಾಳೆಯ ಮೇಲೆ. ಸ್ನೀಕ್ ಅಟ್ಯಾಕ್ (ಹೊಂಚಿ ಹೊಡೆಯೋದು) ಇದೆಯಾ, ಸ್ಟೆಲ್ತ್ (ಸದ್ದಿಲ್ಲದೆ ಅಡಗೋದು) ಎಷ್ಟು ಅಂತ. ಹಾಳೆಯಲ್ಲಿ ಅಷ್ಟೆಲ್ಲ ಬರೆದಿರುವಾಗ ಉತ್ತರವೂ ಅಲ್ಲೇ ಇರುತ್ತೆ ಅನ್ನಿಸೋದು ಸಹಜ. ಹಳೇ ಆಟದ ಹಾಳೆಯಲ್ಲಿ ಹುಡುಕಿದರೂ ಏನೂ ಸಿಗೋದಿಲ್ಲ. ಹಾಗಾಗಿ ತಲೆ ಎತ್ತಿ ಕೋಣೆಯನ್ನು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ನೆಲ ಇಳಿಜಾರಾಗಿದೆಯಾ? ಗುಡಿಗೆ ಅಂತ ತಂದ ನಿಂಬೆಹಣ್ಣು ಉರುಳಿಸಿ ನೋಡಲಾ? ಹೊಸದರಲ್ಲಿ ಅದೇ ಜಾಗದಲ್ಲಿ ಪರ್ಸೆಪ್ಷನ್, ಅಂದರೆ ಗಮನಿಸುವ ಶಕ್ತಿಯ ದಾಳ ಹಾಕಿ, 17 ಬಂತು, ಗುಂಡಿ ಕಾಣಿಸಿತು, ಮುಂದೆ. ನನಗೆ ನಿಂಬೆಹಣ್ಣಿನ ದಾರಿಯೇ ಇಷ್ಟ. ನಮ್ಮ ಟೇಬಲ್‌ನಲ್ಲಿ ಕನ್ನಡದ ಮಾತು ಜಾಸ್ತಿಯಾದದ್ದೂ ಹಳೇ ಆಟಕ್ಕೆ ಬಂದ ಮೇಲೆ.

ಬೆಳಕಿನ ವಿಷಯ. 2014ರ ಪುಸ್ತಕದಲ್ಲಿ ಪಾತ್ರಕ್ಕೆ ಆರಿಸಿಕೊಳ್ಳುವ ಮನುಷ್ಯ, ಎಲ್ಫ್ ಮುಂತಾದ ಒಂಬತ್ತು ಕುಲಗಳಲ್ಲಿ ಆರಕ್ಕೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಹಳೆಯದರಲ್ಲಿ ಮನುಷ್ಯರಿಗೆ ಪಂಜು ಬೇಕು, ಪಂಜು ಉರಿಯೋದು ಒಂದು ಗಂಟೆ. ಗುಹೆ ಗುಹೆ ಅನ್ನಿಸೋದು ಇಲ್ಲಿ.

ಪಾತ್ರ ಹಂತ ಏರಲು ಬೇಕಾದ ಅನುಭವದ ಅಂಕ ಹಳೆಯದರಲ್ಲಿ ಹೆಚ್ಚಾಗಿ ಬರೋದು ಚಿನ್ನದಿಂದ. ಹೊತ್ತು ತಂದ ಒಂದು ನಾಣ್ಯಕ್ಕೆ ಒಂದು ಅಂಕ, ಗಾಬ್ಲಿನ್ ಕೊಂದರೆ ಬರೀ 5. ಹೊಡೆದಾಡದೆ ಕದ್ದು ಬಂದವರೇ ಜಾಣರು. 5ನೇ ಆವೃತ್ತಿಯಲ್ಲಿ ಒಂದು ಗಾಬ್ಲಿನ್‌ಗೆ 50, ಎರಡನೇ ಹಂತಕ್ಕೆ ಬೇಕಾದದ್ದು 300. ಅಲ್ಲಿ ಕತ್ತಿ ಎಳೆಯದೆ ಇರೋದು ಯಾಕೆ?

ಹಳೆಯದರ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಮೊದಲ ಹಂತದ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. ಕಳ್ಳನಿಗೆ ಬೀಗ ತೆಗೆಯುವ ಸಾಧ್ಯತೆ ನೂರಕ್ಕೆ 15, ಹೆಸರಿಗೆ ಕಳ್ಳ. ಕವಚ ಗಟ್ಟಿಯಾದಷ್ಟೂ ಅಂಕ ಇಳಿಯುವ ಲೆಕ್ಕ ಹೊಸಬರಿಗೆ ಗೋಜಲು. ಎಸೆನ್ಷಿಯಲ್ಸ್‌ನಲ್ಲಿ ಏರುವ ಅಂಕವೂ ಇದೆ, ಅದನ್ನೇ ಬಳಸಿ.

ಸಾವಿನದು ಮಾತ್ರ ದೊಡ್ಡ ಮಾತು. 1981ರ ನಿಯಮದಲ್ಲಿ ಹಿಟ್ ಪಾಯಿಂಟ್ ಸೊನ್ನೆಗೆ ಬಂದರೆ ಸತ್ತಂತೆ. ಹೊಸದರಲ್ಲಿ ಮೂರು ಸಲ ಗೆದ್ದರೆ ಉಳಿಯುವ, ಮೂರು ಸಲ ಸೋತರೆ ಹೋಗುವ ದಾಳಗಳಿವೆ. ಗೆಳೆಯನೊಬ್ಬ ತನ್ನ ಪಾತ್ರಕ್ಕೆ ಅಪ್ಪ, ಅಮ್ಮ, ಊರು, ಹಳೇ ವೈರ ಎಲ್ಲಾ ಬರೆದುಕೊಂಡು ಬರುತ್ತಾನೆ. ಅವನಿಗೆ ಹಳೇ ಆಟ ನೋವು ಕೊಡುತ್ತದೆ. ಅವನ ಮಾತಿನಲ್ಲಿ ನ್ಯಾಯವಿದೆ. ವರ್ಷಗಟ್ಟಲೆ ಒಂದೇ ಪಾತ್ರದ ಬದುಕನ್ನು ಹೇಳಬೇಕು ಅಂದರೆ 5ನೇ ಆವೃತ್ತಿಯೇ ಸರಿಯಾದ ಜಾಗ. ನನಗೆ ಆ ಭಯವೇ ಬೇಕು. ಸಾಯಬಹುದು ಅಂತ ಗೊತ್ತಿದ್ದರೆ ಬಾಗಿಲು ತೆಗೆಯೋ ಮುಂಚೆ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಮತ್ತೆ, ಸತ್ತರೆ ಹೊಸ ಪಾತ್ರ ಹುಟ್ಟೋದು ಬೇಗ. ಪಾತ್ರದ ಆರು ಗುಣಗಳಿಗೆ ಮೂರು ದಾಳ ಆರು ಸಲ, ಒಂದು ವೃತ್ತಿ, ಸ್ವಲ್ಪ ಸಾಮಾನು. ಹೊಸದರಲ್ಲಿ ಮೊದಲ ಪಾತ್ರ ಮಾಡೋದಕ್ಕೇ ಒಂದು ಸಂಜೆ ಬೇಕು, ಆಪ್ ಇದ್ದರೆ ಸ್ವಲ್ಪ ಕಡಿಮೆ.

ದುಡ್ಡಿನ ಮಾತು. ಹೊಸ ಆಟದ ಮೂರು ಮುಖ್ಯ ಪುಸ್ತಕಗಳು ಆಮದಿನವು, ಮೂರಕ್ಕೂ ಸೇರಿ ಸಾವಿರಾರು ರೂಪಾಯಿ. ಅದರ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ, ಆದರೆ ಪಾತ್ರಗಳ ಪೂರ್ತಿ ಬಗೆಗಳು ಬೇಕಾದರೆ ಪುಸ್ತಕವೇ ಗತಿ. ಹಳೇ ಶೈಲಿಯಲ್ಲಿ ಬೇಸಿಕ್ ಫ್ಯಾಂಟಸಿ ಅನ್ನೋದು ಪೂರ್ತಿ ಆಟ, ಪಿಡಿಎಫ್ ಪೂರ್ತಿ ಉಚಿತ. ಎಸೆನ್ಷಿಯಲ್ಸ್‌ಗೂ ನಾಲ್ಕು ಮನುಷ್ಯ ವೃತ್ತಿಗಳಿರುವ ಉಚಿತ ಆವೃತ್ತಿ ಇದೆ. ಗಾಂಧಿ ಬಜಾರ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬೇಸಿಕ್ ಫ್ಯಾಂಟಸಿಯನ್ನು ಅಚ್ಚು ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂಡಕ್ಕೆ ಹಂಚಿದೆ. ಖಾರದ ಕಡಲೆಕಾಯಿ ತಿಂದ ಕೈಯ ಎಣ್ಣೆ ತಾಗಿದರೂ ಯಾರಿಗೂ ಬೇಜಾರಿಲ್ಲ.

ಹಾಗಾಗಿ, ವಾರದ ಮಧ್ಯೆ ಆನ್‌ಲೈನ್ ಆಡುವವರು, ಪ್ರತಿ ವಾರ ತಪ್ಪದೆ ಸೇರುವ ತಂಡ, ಹೊಡೆದಾಟದ ಲೆಕ್ಕಾಚಾರವೇ ಖುಷಿ ಅನ್ನುವವರು 5ನೇ ಆವೃತ್ತಿ ತಗೊಳ್ಳಿ. ಲೆಕ್ಕವೆಲ್ಲ ಕಂಪ್ಯೂಟರ್ ಮಾಡಿಕೊಡುತ್ತದೆ, ನನ್ನ ದೂರು ಅರ್ಧ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ, ಯಾರು ಬರುತ್ತಾರೋ ಅವರೊಂದಿಗೆ, ಮೂರು ಗಂಟೆ ಆಡುವವರು ಹಳೆಯದಕ್ಕೆ ಬನ್ನಿ. ಮೊದಲ ದಿನಕ್ಕೆ ಬೇಸಿಕ್ ಫ್ಯಾಂಟಸಿಯ ಪಿಡಿಎಫ್, ಏಳು ದಾಳಗಳ ಒಂದು ಸೆಟ್, ಚೌಕಳಿ ಹಾಳೆಯ ನೋಟ್‌ಬುಕ್ ಸಾಕು. ಒಬ್ಬೊಬ್ಬರಿಗೂ ಎರಡೆರಡು ಪಾತ್ರ ಮೊದಲೇ ಮಾಡಿಸಿಡಿ. ಒಂದು ಗುಂಡಿಗೆ ಬಿದ್ದರೆ ಇನ್ನೊಂದು ಪಂಜು ಹಿಡಿದು ಹಿಂದಿನಿಂದ ಬರಲಿ, ಯಾರೂ ಸುಮ್ನೆ ಕೂರಬೇಕಾಗುವುದಿಲ್ಲ.