ಘಟ್ಟದ ಮಂಜು, ಕಡಲ ಮಂಜು: ರಸ್ತೆ, ರೈಲು ಮತ್ತು ಬೋಟಿನ ಹೋಲಿಕೆ

ಉಡುಪಿ ಪೇಟೆಯೊಳಗೆ ಮಂಜು ಪ್ರಯಾಣಿಕರನ್ನು ಅಷ್ಟಾಗಿ ಕಾಡುವುದಿಲ್ಲ. ಮೂಡಣಕ್ಕೆ ಘಟ್ಟ ಹತ್ತುವವರಿಗೂ ಪಡುವಣಕ್ಕೆ ಕಡಲಿಗಿಳಿಯುವವರಿಗೂ ಅದು ನಿಜವಾಗಿ ಎದುರಾಗುತ್ತದೆ. ಆಗುಂಬೆ ಮತ್ತು ಚಾರ್ಮಾಡಿಯ ರಸ್ತೆಗಳಲ್ಲಿ, ಸುಬ್ರಹ್ಮಣ್ಯ–ಸಕಲೇಶಪುರದ ರೈಲಿನಲ್ಲಿ, ಮಲ್ಪೆಯ ಬೋಟಿನಲ್ಲಿ ಮಂಜಿನ ನಡುವೆ ಸಾಗಿ ನೋಡಿದ ಮೇಲೆ, ಇವುಗಳನ್ನು ತೂಗಲು ನನಗೆ ಎರಡೇ ಪ್ರಶ್ನೆಗಳು ಸಾಕೆನಿಸಿವೆ: ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆಯೇ, ಎದುರಿನಿಂದ ಬರುವವರು ಎಲ್ಲಿದ್ದಾರೆ ಎಂಬುದು ತಿಳಿಯುತ್ತದೆಯೇ?

ಹವಾಮಾನ ಶಾಸ್ತ್ರದಲ್ಲಿ 1 ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಅದು ಮಂಜು. ಘಟ್ಟದಲ್ಲಾದರೋ 20 ಮೀಟರ್ ಕಂಡರೆ ಪುಣ್ಯವೆನ್ನುವ ದಿನಗಳಿವೆ. ಮಳೆಗಾಲದಲ್ಲಿ ಅಲ್ಲಿ ಕವಿಯುವುದು ವಾಸ್ತವವಾಗಿ ಮೋಡವೇ. ಅರಬ್ಬಿ ಸಮುದ್ರದ ತೇವದ ಗಾಳಿ ಸಹ್ಯಾದ್ರಿಯನ್ನು ಏರುತ್ತ ತಣಿದು ಹನಿಗಟ್ಟುತ್ತದೆ. ಗಾಳಿ ಬೀಸುವಷ್ಟು ಹೊತ್ತೂ ಮಂಜು ಹುಟ್ಟುತ್ತಲೇ ಇರುವುದರಿಂದ, ಬಿಸಿಲೇರಿದ ಮೇಲೆ ಹೊರಡೋಣವೆಂಬ ಲೆಕ್ಕ ಜುಲೈ ತಿಂಗಳಲ್ಲಿ ನಡೆಯುವುದಿಲ್ಲ.

ಸೋಮೇಶ್ವರದಿಂದ ಆಗುಂಬೆಗೆ ಏರುವ ರಾಷ್ಟ್ರೀಯ ಹೆದ್ದಾರಿ 169ಎ ಕಿರಿದಾಗಿದ್ದು, 14 ಹೇರ್‌ಪಿನ್ ತಿರುವುಗಳನ್ನು ಹೊಂದಿದೆ. ಆದರೆ ಭಾರೀ ವಾಹನಗಳಿಗೆ ಅಲ್ಲಿ ನಿಷೇಧವಿರುವುದರಿಂದ ತಿರುವಿನಲ್ಲಿ ದೊಡ್ಡ ಲಾರಿ ಎದುರಾಗುವ ಭಯ ಕಡಿಮೆ. ಸ್ವಂತ ಕಾರಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಹಳದಿ ದೀಪ ಮಂಜನ್ನು ಸೀಳುತ್ತದೆಂದು ಅಂಗಡಿಯವರು ಹೇಳುತ್ತಾರೆ. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವಾಗಿದ್ದು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಬಿಳಿ, ಹಳದಿ ಎರಡನ್ನೂ ಬಳಸಿ ನೋಡಿದ್ದೇನೆ. ಉಪಯೋಗಕ್ಕೆ ಬಂದದ್ದು ಬಣ್ಣವಲ್ಲ, ದೀಪ ಬಂಪರಿನಷ್ಟು ಕೆಳಗಿದ್ದು ರಸ್ತೆಯಂಚಿನ ಬಿಳಿ ಗೆರೆಯನ್ನು ತೋರಿಸಿದ್ದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ, ಅಂದರೆ ಕಾಲು ಬ್ರೇಕಿನ ಮೇಲೆ ಊರುವಷ್ಟರಲ್ಲಿ ಕಾಣುವ 20 ಮೀಟರಿನ ಬಹುಪಾಲು ಮುಗಿದಿರುತ್ತದೆ. ವೇಗವನ್ನು 20ಕ್ಕೆ ಇಳಿಸಿದರೆ ಮಾತ್ರ ನಿಲ್ಲುವುದು ಸಾಧ್ಯ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಸಾಗುವವರು ತಾವು ಎಡಕ್ಕೋ ಬಲಕ್ಕೋ ಎಂಬ ಸೂಚನೆಯನ್ನೇ ಅಳಿಸಿಹಾಕುತ್ತಾರೆ. ಇದನ್ನೆಲ್ಲ ನೋಡಿದ ಮೇಲೆ, ತೀರ್ಥಹಳ್ಳಿಗೆ ಹೋಗುವಾಗ ನಾನು ಮಿನಿ ಬಸ್ಸನ್ನೇ ಮೆಚ್ಚುತ್ತೇನೆ. ಕರಾವಳಿಯ ಬಸ್ಸಿನವರ ಅವಸರ ಹೆಸರುವಾಸಿಯೇ. ಆದರೂ ನಿತ್ಯ ಹತ್ತಿಳಿಯುವ ಚಾಲಕನಿಗೆ ತಿರುವುಗಳು ಕಾಣುವ ಮೊದಲೇ ಗೊತ್ತಿರುತ್ತವೆ, ಹಾರ್ನ್ ಮಾಡದೆ ಆತ ಯಾವ ತಿರುವನ್ನೂ ಹೊಗುವುದಿಲ್ಲ.

ಚಾರ್ಮಾಡಿಯಲ್ಲಿ ತಿರುವುಗಳು ಆಗುಂಬೆಯಷ್ಟು ಒತ್ತಾಗಿಲ್ಲ, ಆದರೆ ಮಂಜಿನಲ್ಲಿ ಕಳೆಯಬೇಕಾದ ದಾರಿ ಉದ್ದ. ಅಲ್ಲಿ ಹೆದರಬೇಕಾದದ್ದು ಚಲಿಸುವ ವಾಹನಕ್ಕಲ್ಲ, ಜಲಪಾತದ ಫೋಟೋ ತೆಗೆಯಲೆಂದು ದೀಪವಾರಿಸಿ ರಸ್ತೆಯಂಚಿನಲ್ಲಿ ನಿಲ್ಲಿಸಿದ ವಾಹನಕ್ಕೆ. ಮಳೆಗಾಲದ ವಾರಾಂತ್ಯದಲ್ಲಿ ಈ ದಾರಿಯನ್ನು ನಾನು ಬಿಟ್ಟೇಬಿಡುತ್ತೇನೆ.

ರೈಲಿನ ವಿಚಾರ ಸುಲಭ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಏಕಹಳಿಯಲ್ಲಿ 57 ಸುರಂಗಗಳಿದ್ದು, ಇಳಿಜಾರು 50ಕ್ಕೆ 1ರಷ್ಟಿದೆ. ನಾವು ಎಲ್ಲಿದ್ದೇವೆ ಎಂಬುದನ್ನು ಹಳಿಯೇ ತೀರ್ಮಾನಿಸಿಬಿಟ್ಟಿರುತ್ತದೆ. ಎದುರಿನ ಗಾಡಿಯನ್ನು ಮುಂದಿನ ನಿಲ್ದಾಣದಲ್ಲೇ ತಡೆದಿರುತ್ತಾರೆ. ಕಿಟಕಿಯಾಚೆ ಬರೀ ಬಿಳುಪಿದ್ದರೂ ಪ್ರಯಾಣಿಕ ನಿಶ್ಚಿಂತ. ಇಲ್ಲಿ ಗಾಡಿಯನ್ನು ನಿಲ್ಲಿಸುವುದು ಮಂಜಿಗಿಂತ ಹೆಚ್ಚಾಗಿ ಗುಡ್ಡ ಕುಸಿತ. ಆ ಸುದ್ದಿ ಇಲ್ಲದ ದಿನ ಬೆಂಗಳೂರಿಗೆ ಶಿರಾಡಿ ಘಾಟಿಯ ರಸ್ತೆಗಿಂತ ರೈಲೇ ಮೇಲು.

ಕಡಲಿನಲ್ಲಿ ಈ ಎರಡೂ ಪ್ರಶ್ನೆಗಳು ಬೇರೆ ರೂಪ ತಾಳುತ್ತವೆ. ಬೆಚ್ಚನೆಯ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಹಾಯ್ದಾಗ ಹುಟ್ಟುವ ಮಹಾಮಂಜು, ನ್ಯೂಫೌಂಡ್‌ಲ್ಯಾಂಡಿನ ಕಡೆಯಂತೆ, ನಮ್ಮ ಬೆಚ್ಚನೆಯ ಕಡಲಿಗೆ ಬರುವುದಿಲ್ಲ. ಮಲ್ಪೆಯಲ್ಲಿ ಸಿಗುವುದು ಚಳಿಗಾಲದ ಮುಂಜಾವಿನಲ್ಲಿ ದಡದ ಬಳಿ ಕವಿಯುವ ಮಂಜು, ಇಲ್ಲವೇ ಜೂನ್–ಜುಲೈ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದ ಮೇಲೆ ಆಗಸ್ಟಿನ ಮಳೆಯ ಪರದೆ. ಬಿಳಿ ಗೆರೆಯಿಲ್ಲದ ಅಲ್ಲಿ ದಾರಿ ತೋರಿಸುವುದು ಜಿಪಿಎಸ್. ದಿಕ್ಸೂಚಿ ಬೋಟಿನ ಮುಖ ಎತ್ತ ಎಂಬುದನ್ನಷ್ಟೇ ಹೇಳುತ್ತದೆ, ನೀರಿನ ಸೆಳೆತ ಎಷ್ಟು ಪಕ್ಕಕ್ಕೆ ಒಯ್ದಿದೆ ಎಂಬುದನ್ನು ಹೇಳುವುದಿಲ್ಲ. ಸೈಂಟ್ ಮೇರೀಸ್ ದ್ವೀಪಗಳ ಬಂಡೆಗಳ ಸಮೀಪ ಆ ಅಂತರ ಸಣ್ಣದಲ್ಲ. ಜಿಪಿಎಸ್ ಮುಂದೆ ಕಾಪುವಿನ ದೀಪಸ್ತಂಭದ ಬೆಳಕೂ ಮಂಜಿನಲ್ಲಿ ಸೋಲುತ್ತದೆ.

ಆದರೆ ಪಕ್ಕದಲ್ಲಿರುವ ನಾಡದೋಣಿಯನ್ನು ಜಿಪಿಎಸ್ ತೋರಿಸದು. ಮರದ, ಫೈಬರಿನ ಸಣ್ಣ ದೋಣಿ ರೇಡಾರಿಗೂ ಸರಿಯಾಗಿ ಸಿಗುವುದಿಲ್ಲ. ಉಳಿಯುವುದು ಕಿವಿ. ಕಡಲಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಚಲಿಸುವ ಯಾಂತ್ರಿಕ ನೌಕೆ 2 ನಿಮಿಷ ಮೀರದಂತೆ ಒಂದೊಂದು ದೀರ್ಘ ಸದ್ದು ಮಾಡಬೇಕು; ಮೀನು ಹಿಡಿಯುತ್ತಿರುವ ಬೋಟು ಒಂದು ದೀರ್ಘ, ಎರಡು ಚಿಕ್ಕ ಸದ್ದು ಮಾಡಬೇಕು. ಎಂಜಿನ್ ಓಡುತ್ತಿದ್ದರೆ ಇದಾವುದೂ ಕೇಳದು. ನಾನಿದ್ದ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಆಗಾಗ ಎಂಜಿನ್ ನಿಲ್ಲಿಸಿ ಆಲಿಸುತ್ತಿದ್ದರು, ಒಮ್ಮೆ ಕೇಳಿದ ಸದ್ದಿನ ದಿಕ್ಕನ್ನು ನಂಬದೆ ಮತ್ತೊಮ್ಮೆ ಕಾಯುತ್ತಿದ್ದರು, ಏಕೆಂದರೆ ಮಂಜಿನಲ್ಲಿ ಸದ್ದು ಎತ್ತಣಿಂದ ಬಂತು, ಎಷ್ಟು ದೂರದಿಂದ ಬಂತು ಎಂಬ ಅಂದಾಜು ಸುಲಭವಾಗಿ ತಪ್ಪುತ್ತದೆ. ಎದುರಿನವರನ್ನು ತಿಳಿಯುವ ವಿಚಾರದಲ್ಲಿ ಬೋಟು ಈ ನಾಲ್ಕರಲ್ಲಿ ಕೊನೆಯದು.

ಒಂದು ವಿಷಯದಲ್ಲಿ ಮಾತ್ರ ಚಳಿಗಾಲದ ಕಡಲು ಮಳೆಗಾಲದ ಘಟ್ಟಕ್ಕಿಂತ ವಾಸಿ: ಈ ಮಂಜು ಸಾಮಾನ್ಯವಾಗಿ ಬಿಸಿಲೇರಿದಂತೆ ಕರಗುತ್ತದೆ. ನದಿ ಕಡಲು ಸೇರುವ ಅಳಿವೆಯ ಇಕ್ಕಟ್ಟಿಗೆ ನುಗ್ಗದೆ ಹೊರಗೆ ಲಂಗರು ಹಾಕಿ, ನಿಯಮದಂತೆ ಗಂಟೆ ಬಾರಿಸುತ್ತ ಕಾದ ಬೋಟು ಕಳೆದುಕೊಳ್ಳುವುದು ಬಂದರಿನ ಬೆಳಗಿನ ಹರಾಜಿನ ದರವನ್ನಷ್ಟೇ.